ಹದಿನೇಳು ಒಂದುಗಳು

ಹೋದ ವಾರ ವಾಡಿಯ ಅಂಗಡಿಯೊಂದರಲ್ಲಿ ಹೊಸ ಫೋನು ಕೊಂಡೆ. ಹಳೆಯದು ಎರಡು ಮಾತಾಡುವಷ್ಟರಲ್ಲಿ ಬಿಸಿಯಾಗಿ ಕಿವಿ ಸುಡುತ್ತಿತ್ತು. ಅಂಗಡಿಯಾತ ಎಲ್ಲವನ್ನೂ ಸರಿಮಾಡಿ, ಬೀಗದ ಸಂಖ್ಯೆ ಹಾಕಿ ಎಂದು ಫೋನನ್ನು ನನ್ನ ಮುಂದೆ ಹಿಡಿದ. ಆರು ಅಂಕಿ ಬೇಕಂತೆ. ಅಂಕಿಗಳನ್ನು ನೆನಪಿಡುವುದರಲ್ಲಿ ನಾನೆಂಥವಳು ಎಂದು ನನಗೆ ಗೊತ್ತಿದೆ. ಸ್ವಂತ ಫೋನಿನ ನಂಬರನ್ನೇ ಯಾರಾದರೂ ಕೇಳಿದರೆ ಅವರಿಗೇ ಒಂದು ಸಲ ಕರೆ ಮಾಡಿ ತೋರಿಸುವವಳು ನಾನು. ಆದ್ದರಿಂದ ಸುಲಭವಾಗಲಿ ಎಂದು ಒಂದರ ಮೇಲೆಯೇ ಆರು ಸಲ ಬೆರಳೊತ್ತಿದೆ.

"ಎಲ್ಲಾ ಒಂದೇ ಹಾಕಬ್ಯಾಡ್ರಿ ಅಕ್ಕಾರ," ಎಂದ ಆತ. "ಕೂಡ್ಲೇ ಒಡೀತಾರ."

"ಎಷ್ಟು ಒಂದು ಹಾಕಿದ್ರ ಒಡಿಯಾಂಗಿಲ್ಲ?" ಎಂದು ಕೇಳಿದೆ.

ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಆತ ನಕ್ಕ. ನನಗೆ ನಗು ಬರಲಿಲ್ಲ. ಬೇರೆ ಏನೋ ಆರು ಅಂಕಿ ಒತ್ತಿ ಹೊರಗೆ ಬಂದು ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತೆ. ಆರು ಒಂದುಗಳು ಒಡೆಯುತ್ತವೆ, ಅದು ನನಗೂ ಗೊತ್ತು. ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು. ಇವಿಷ್ಟನ್ನು ಒಂದಕ್ಕೊಂದು ಗುಣಿಸಿದರೆ ಸಾಲಾಗಿ ಆರು ಒಂದು ಬರುತ್ತವೆ. ಸ್ವಂತ ಫೋನಿನ ನಂಬರು ಬಾರದ ಹೆಂಗಸಿಗೆ ಇದು ಹೇಗೆ ಗೊತ್ತು ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ನಮ್ಮ ಅಣ್ಣನ ಬಗ್ಗೆ ಹೇಳಬೇಕು.

ನಮ್ಮ ಮನೆ ಶಹಾಬಾದಿನದು. ಅಪ್ಪ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು. ಈ ಕಡೆಯ ಫರಸಿ ಕಲ್ಲಿನ ಮೇಲೆ ನೀವು ಎಲ್ಲಿಯೋ ಒಂದು ಕಡೆ ನಡೆದೇ ಇರುತ್ತೀರಿ. ಯಾವುದೋ ಶಾಲೆಯ ವರಾಂಡ, ಯಾವುದೋ ಕಚೇರಿಯ ಮೆಟ್ಟಿಲು, ನೀಲಿ ಬೆರೆತ ಬೂದಿ ಬಣ್ಣದ ಹಾಸುಗಲ್ಲು. ನೆಲದೊಳಗೆ ಅದು ಪದರದ ಮೇಲೆ ಪದರವಾಗಿ ಮಲಗಿರುತ್ತದೆ. ಪದರ ಎಲ್ಲಿದೆ ಎಂದು ತಿಳಿದು ಉಳಿ ಇಟ್ಟರೆ ಹಸನಾಗಿ ಎರಡಾಗುತ್ತದೆ, ತಿಳಿಯದೆ ಹೊಡೆದರೆ ಚೂರಾಗುತ್ತದೆ. ಅಪ್ಪ ಹಾಗೆ ಒಡೆದ ಕಲ್ಲುಗಳಲ್ಲಿ ಅಂಚು ಮುಕ್ಕಾದವನ್ನು ತಂದು ನಮ್ಮ ಮನೆಯ ನೆಲಕ್ಕೆ ಹಾಸಿದ್ದ. ಅಣ್ಣನೂ ನಾನೂ ಅಕ್ಷರ ಕಲಿತದ್ದು ಆ ನೆಲದ ಮೇಲೆಯೇ. ಪಾಟಿಯಲ್ಲಿ ಜಾಗ ಸಾಲದೆ ಹೋದರೆ ನೆಲಕ್ಕೆ ಇಳಿಯುವುದು, ಬರೆದಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುವುದು. ಅವ್ವನಿಗೆ ಇದರಿಂದ ಸಂತೋಷವೇ ಆಗುತ್ತಿತ್ತು, ನೆಲ ಒರೆಸುವ ಕೆಲಸ ತಪ್ಪುತ್ತಿತ್ತಲ್ಲ.

ಅಣ್ಣನ ಹೆಸರು ಮಿಲಿಂದ. ನನಗಿಂತ ಆರು ವರ್ಷ ದೊಡ್ಡವನು. ನನಗೆ ಎರಡರ ಮಗ್ಗಿ ಬಾಯಿಗೆ ಬರುವ ಮೊದಲೇ ಅವನು ನೆಲದ ಮೇಲೆ ಹನ್ನೊಂದು ಹನ್ನೊಂದಲೆ ನೂರಾ ಇಪ್ಪತ್ತೊಂದು ಎಂದು ಬರೆದು ತೋರಿಸಿದ. ಆಮೇಲೆ ಮೂರು ಒಂದುಗಳನ್ನು ಮೂರು ಒಂದುಗಳಿಂದ ಗುಣಿಸಿ 12321. ಆಮೇಲೆ ನಾಲ್ಕು. ಕೊನೆಗೆ ಒಂದು ಮಧ್ಯಾಹ್ನ, ಒಂಬತ್ತು ಒಂದುಗಳನ್ನು ಒಂಬತ್ತು ಒಂದುಗಳಿಂದ ಗುಣಿಸಿ ಗೋಡೆಯಿಂದ ಹೊಸ್ತಿಲಿನವರೆಗೆ ಲೆಕ್ಕ ಹಬ್ಬಿಸಿ, ಕೆಳಗೆ 12345678987654321 ಎಂದು ಬರೆದ. ಒಂದರಿಂದ ಒಂಬತ್ತಕ್ಕೆ ಹತ್ತಿ ಮತ್ತೆ ಒಂದಕ್ಕೆ ಇಳಿಯುವ ಆ ಸಾಲನ್ನು ನೋಡಿ, ಇದನ್ನು ಅವನೇ ಎಲ್ಲಿಂದಲೋ ಜೋಡಿಸಿದ್ದಾನೆಂದು ನಾನು ಜಗಳ ತೆಗೆದೆ. ಅವನು ಜಗಳಕ್ಕೆ ಬರಲಿಲ್ಲ. "ನೀನೇ ಮಾಡಿ ನೋಡು," ಎಂದ. ನಾನು ಮಾಡಲಿಲ್ಲ. ಹತ್ತನೇ ತರಗತಿಯಲ್ಲಿ ನನಗೆ ಗಣಿತದಲ್ಲಿ ಮೂವತ್ತೈದು ಅಂಕ ಬಂದಾಗ ಅಣ್ಣ ಓಣಿಗೆಲ್ಲ ಪೇಡೆ ಹಂಚಿದ್ದನ್ನು ಹೇಳಿದರೆ ನನ್ನ ಯೋಗ್ಯತೆ ನಿಮಗೆ ತಿಳಿದೀತು.

ಅವನು ಗಣಿತದಲ್ಲೇ ಎಂ.ಎಸ್ಸಿ. ಮಾಡಿ ಸೇಡಂನ ಒಂದು ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕನಾದ. ನಾನು ಚಿತ್ತಾಪುರದ ಕೋರ್ಟಿನಲ್ಲಿ ನಕಲು ವಿಭಾಗ ಸೇರಿದೆ. ಮೂಲ ಕಾಗದವನ್ನೂ ಟೈಪು ಮಾಡಿದ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ, ಅಕ್ಷರ ಬಿಟ್ಟಿದ್ದರೆ ಗುರುತು ಹಾಕುವ ಕೆಲಸ. ಬುದ್ಧಿ ಬೇಕಿಲ್ಲದ, ಕಣ್ಣು ಬೇಕಾದ ಕೆಲಸ. ಅಪ್ಪ ಅವ್ವ ಇಬ್ಬರೂ ಆ ಹೊತ್ತಿಗೆ ಇರಲಿಲ್ಲ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಮನೆ ಬಿಟ್ಟು, ವಾಡಿಯಲ್ಲಿ ಗಾಡಿ ಬದಲಿಸಿ, ನಾನು ಚಿತ್ತಾಪುರದಲ್ಲಿ ಇಳಿಯುತ್ತಿದ್ದೆ, ಅವನು ಮುಂದೆ ಸೇಡಂಗೆ ಹೋಗುತ್ತಿದ್ದ.

ಆ ಗಾಡಿಯಲ್ಲೇ ಅವನು ನನಗೆ ಒಂದುಗಳ ಕತೆ ಹೇಳಿದ್ದು. ಒಂದು ಸಂಖ್ಯೆಯನ್ನು ಉಳಿಕೆ ಇಲ್ಲದೆ ಭಾಗ ಮಾಡುವುದಕ್ಕೆ ಅವನು ಅಪ್ಪನ ಮಾತನ್ನೇ ಬಳಸುತ್ತಿದ್ದ, ಒಡೆಯುವುದು ಎಂದು.

"ಎರಡು ಒಂದು, ಅಂದ್ರ ಹನ್ನೊಂದು, ಒಡಿಯಾಂಗಿಲ್ಲ. ಮೂರು ಒಂದು ಒಡೀತದ, ಮೂರು ಮೂವತ್ತೇಳ್ಲೆ. ಐದು ಒಂದು ಒಡೀತದ, ನಲ್ವತ್ತೊಂದು ಇನ್ನೂರ ಎಪ್ಪತ್ತೊಂದ್ಲೆ. ನಾಕು, ಆರು, ಎಂಟು ಒಂದು ಇದ್ರ ನೋಡೋದೇ ಬ್ಯಾಡ, ಒಡದೇ ಒಡೀತಾವ. ಒಂದುಗಳ ಎಣಿಕಿನೇ ಒಡಿಯೋ ಅಂಥಾದ್ದಿದ್ರ ಸಂಖ್ಯಾನೂ ಒಡೀತದ. ಎಣಿಕಿ ಗಟ್ಟಿ ಇದ್ದಾಗ ಮಾತ್ರ ಏನೂ ಹೇಳಾಕ ಬರಾಂಗಿಲ್ಲ."

"ಎಣಿಕಿ ಗಟ್ಟಿ ಅಂದ್ರ?"

"ಏಳು, ಹನ್ನೊಂದು, ಹದಿಮೂರು, ಹದಿನೇಳು. ಇವು ತಾವೇ ಒಡಿಯಾಂಗಿಲ್ಲ ನೋಡು. ಹದಿಮೂರು ಒಂದಿನ ತನಕ ನಾನೇ ಕುಂತು ಒಡದೀನಿ. ಹತ್ತೊಂಬತ್ತು ಒಂದು ಒಡಿಯಾಂಗಿಲ್ಲ ಅಂತ ಒಂದು ಪುಸ್ತಕದಾಗ ಕಣ್ಣಿಗಿ ಬಿತ್ತು. ಬೀಳಬಾರದಿತ್ತು."

"ಹದಿನೇಳು?"

"ಅದು ಉಳದದ. ಪುಸ್ತಕದಾಗ ಇರ್ತದ, ನಾ ನೋಡಿಲ್ಲ. ನೋಡಿದ್ರ ಅದು ಅವರ ಉತ್ತರ ಆಗ್ತದ."

ಚಿತ್ತಾಪುರ ಬಂತು, ನಾನು ಇಳಿದೆ. ಇಂಥ ಮಾತುಗಳು ನನ್ನ ಒಂದು ಕಿವಿಯಲ್ಲಿ ಹೊಕ್ಕು ಪ್ಲಾಟ್‌ಫಾರ್ಮಿನ ಮೇಲೆ ಬಿದ್ದುಹೋಗುತ್ತಿದ್ದವು. ತರಗತಿಯಲ್ಲಿಯೂ ಅವನು ಹೊಸ ಹುಡುಗರಿಗೆಲ್ಲ ಹದಿನೇಳು ಒಂದುಗಳ ಪ್ರಶ್ನೆ ಹಾಕುತ್ತಿದ್ದನಂತೆ. ಕೈಯಿಂದಲೇ ಮಾಡಬೇಕು, ಯಂತ್ರ ಮುಟ್ಟಬಾರದು ಎಂಬ ನಿಯಮ. ಯಾರೂ ಮಾಡಿರಲಿಲ್ಲ.

ಒಂದು ಬೆಳಿಗ್ಗೆ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದೆವು. ಅಣ್ಣನ ಬಲಗೈಯಿಂದ ಲೋಟ ಜಾರಿತು. ಅವನು ಬಗ್ಗಿ ಅದನ್ನು ನೋಡಿದ. ನನಗೆ ಏನೋ ಹೇಳಲು ಬಾಯಿ ತೆರೆದ. ಬಂದದ್ದು ಮಾತಲ್ಲ. ಆಮೇಲೆ ನಿಧಾನವಾಗಿ, ಯಾರೋ ಹಿಡಿದು ಕೂರಿಸಿದ ಹಾಗೆ, ಕುಸಿದ. ಅವನ ಚಪ್ಪಲಿಯೊಂದು ಹಳಿಯ ಮೇಲೆ ಬಿತ್ತು. ನಾನು ಅಣ್ಣನನ್ನು ಬಿಟ್ಟು ಚಪ್ಪಲಿಯ ಕಡೆ ನೋಡುತ್ತ ನಿಂತಿದ್ದೆನಂತೆ. ಅಕ್ಕಪಕ್ಕದವರೇ ಅವನನ್ನು ಎತ್ತಿದರು.

ಲಕ್ವಾ ಹೊಡೆದಿತ್ತು. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗಾಲು ಎಳೆಯುತ್ತ ಕೋಲು ಹಿಡಿದು ನಡೆಯುವಷ್ಟಾಗಿದ್ದ. ಬಲಗೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಮಾತು ತಿಂಗಳುಗಟ್ಟಲೆ ತೆಗೆದುಕೊಂಡು ಒಂದೊಂದಾಗಿ ಹಿಂದಿರುಗಿತು. ಕಾಲೇಜಿನವರು ಬಂದು ನೋಡಿಕೊಂಡು ಹೋದರು; ಅಷ್ಟು ದಿನ ತರಗತಿ ಖಾಲಿ ಬಿಡಲು ಅವರಿಗೂ ಆಗುವಂತಿರಲಿಲ್ಲ, ಇನ್ನೊಬ್ಬರನ್ನು ತೆಗೆದುಕೊಂಡರು. ಆಗ ನನಗೆ ಚಿಂಚೋಳಿಯ ಕಡೆಯಿಂದ ಒಂದು ಸಂಬಂಧ ಬಂದು ಮಾತು ಅರ್ಧಕ್ಕೆ ಬಂದಿತ್ತು. ಅವರು ಬೇಡ ಎನ್ನಲಿಲ್ಲ, ನಾನೂ ಬೇಡ ಎನ್ನಲಿಲ್ಲ. ಮಾತು ಅಲ್ಲಿಗೇ ನಿಂತಿತು.

ತಲೆಗೆ ಕೆಲಸ ಕೊಡಿ, ಎಡಗೈಯಲ್ಲಿ ಬರೆಯಲು ರೂಢಿ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಒಂದು ಮುಂಜಾನೆ ಅಣ್ಣ ಚಾಕ್‌ಪೀಸು ಕೇಳಿದ. ತಂದುಕೊಟ್ಟೆ. ಗೋಡೆಗೆ ಒರಗಿ, ಬಿದ್ದ ಕಾಲನ್ನು ಉದ್ದಕ್ಕೆ ಚಾಚಿ, ನೆಲದ ಮೇಲೆ ಎಡಗೈಯಿಂದ ತನ್ನ ಹೆಸರು ಬರೆಯಲು ಹೋದ. ಬರಲಿಲ್ಲ. ಕನ್ನಡದ ಒಂದು ಬರೆಯಲು ನೋಡಿದ, ಅದರ ದುಂಡು ಕೂಡಿಕೊಳ್ಳಲಿಲ್ಲ. ಕೊನೆಗೆ ಮೇಲಿನಿಂದ ಕೆಳಕ್ಕೆ ಒಂದು ಗೀಟು ಎಳೆದ. ಅದು ಬಂತು. ಪಕ್ಕದಲ್ಲಿ ಇನ್ನೊಂದು ಎಳೆದ. ಹೀಗೆ ಕಲ್ಲಿನ ಈ ಸಂದಿನಿಂದ ಆ ಸಂದಿನವರೆಗೆ ಗೀಟು ಎಳೆದು, ಎಣಿಸಿದ. ಎಣಿಸಿ, ಬಾಯಿ ಸೊಟ್ಟ ಮಾಡಿಕೊಂಡು ನಕ್ಕ. ಲಕ್ವಾ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು.

"ಹದಿನೇಳು," ಎಂದ.

ಆವತ್ತಿನಿಂದ ಅದೇ ಅವನ ಕೆಲಸವಾಯಿತು. ಅದರ ರೀತಿಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹದಿನೇಳು ಒಂದುಗಳನ್ನು ಒಡೆಯುವ ಯಾವುದೇ ಗಟ್ಟಿ ಸಂಖ್ಯೆಯನ್ನು ಮೂವತ್ತನಾಲ್ಕರಿಂದ ಭಾಗಿಸಿದರೆ ಒಂದು ಉಳಿಯಲೇಬೇಕಂತೆ. ಹಾಗಾಗಿ ಎಲ್ಲವನ್ನೂ ಪರೀಕ್ಷಿಸಬೇಕಿಲ್ಲ. ನೂರಾ ಮೂರು, ನೂರಾ ಮೂವತ್ತೇಳು, ಇನ್ನೂರ ಮೂವತ್ತೊಂಬತ್ತು, ಮುನ್ನೂರಾ ಏಳು, ಹೀಗೆ ಹಾರಿ ಹಾರಿ ಹೋಗಬಹುದು. ಒಂದೊಂದರಿಂದಲೂ ಆ ಉದ್ದನೆಯ ಸಾಲನ್ನು ಭಾಗಿಸಿ ನೋಡುವುದು, ಕೊನೆಗೆ ಏನಾದರೂ ಉಳಿದರೆ ಮುಂದಿನದಕ್ಕೆ ಹೋಗುವುದು. ಮುಗಿದದ್ದನ್ನು ಸಂಜೆ ನನ್ನಿಂದ ಒರೆಸಿಸಿ, ಎಲ್ಲಿಯವರೆಗೆ ಬಂದೆ ಎಂಬ ಒಂದು ಸಂಖ್ಯೆಯನ್ನು ಮಾತ್ರ ಕಲ್ಲಿನ ಮೂಲೆಯಲ್ಲಿ ಉಳಿಸಿಕೊಳ್ಳುತ್ತಿದ್ದ. ನಾನು ಸಂಜೆ ಬಂದು ಚೀಲ ಇಳಿಸುತ್ತಲೇ ಹೇಳುತ್ತಿದ್ದ, "ಇವತ್ತೂ ಉಳೀತು."

ಹೀಗೆ ವರ್ಷಗಳು ಹೋದವು. ಅವನ ಅಂಕಿಗಳು ದುಂಡಗಾದವು, ಸಾಲುಗಳು ನೆಟ್ಟಗಾದವು. ಡಾಕ್ಟರು ಮೆಚ್ಚಿದರು. ಮನೆಗೆ ಯಾರಾದರೂ ಬಂದರೆ ಅಣ್ಣ ನೆಲ ತೋರಿಸಿ ಹೇಳುತ್ತಿದ್ದ, "ಕೈ ಹೋತು, ಕಾಲು ಹೋತು. ತಲಿ ಬರೋಬರಿ ಅದ, ನೋಡ್ರಿ." ಓಣಿಯವರು ಮಕ್ಕಳಿಗೆ ಪಾಠ ಹೇಳಿಕೊಡಿ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. ಮೊದಲು ಇದು ಇತ್ಯರ್ಥವಾಗಲಿ ಎನ್ನುತ್ತಿದ್ದ. ನನ್ನ ಹತ್ತಿರ ಒಮ್ಮೆ ಮೆಲ್ಲಗೆ ಹೇಳಿದ್ದ, "ನಾ ನನ್ನ ತಲಿಗಿ ಪರೀಕ್ಷಾ ಇಟ್ಟೀನಿ. ಅದು ಪಾಸಾಗೋ ತನಕ ಹುಡುಗರ ಮುಂದ ಹ್ಯಾಂಗ ನಿಲ್ಲಬೇಕು?"

ತಬಸ್ಸುಮ್ ಬಂದದ್ದು ಆಗ. ಅಣ್ಣನ ಹಳೆಯ ವಿದ್ಯಾರ್ಥಿನಿ. ಓದು ಮುಗಿಸಿ, ಅಣ್ಣ ಕಲಿಸುತ್ತಿದ್ದ ಕಾಲೇಜಿಗೇ ಗಣಿತ ಕಲಿಸಲು ಸೇರಿದ್ದಳು. ಮಿಠಾಯಿ ಹಿಡಿದು ಗುರುವಿನ ಮನೆಗೆ ಬಂದಳು. ಅಣ್ಣನಿಗೆ ಆದ ಸಂತೋಷ ಹೇಳತೀರದು. ಬಹಳ ಹೊತ್ತು ಅವರಿಬ್ಬರೂ ನನಗೆ ತಿಳಿಯದ ವಿಷಯಗಳನ್ನು ಮಾತಾಡಿದರು. ಆಮೇಲೆ ಅವಳು ಚಹಾ ಮಾಡಲು ನನ್ನ ಜೊತೆ ಒಳಗೆ ಬಂದಳು.

"ಅಕ್ಕಾ, ಸರ್ ಇನ್ನೂ ಅದನ್ನೇ ಮಾಡ್ಲಿಕತ್ತಾರಾ?"

"ಹೌದು. ಯಾಕ?"

"ಅದು ಒಡೀತದರಿ. ಭಾಳ ಹಿಂದೇ ಒಡದಾರ." ಅವಳು ಫೋನು ತೆಗೆದು ಏನೋ ಒತ್ತಿ ನನ್ನ ಮುಂದೆ ಹಿಡಿದಳು. ಎರಡು ಸಂಖ್ಯೆಗಳಿದ್ದವು. ಚಿಕ್ಕದು 2071723.

"ಛಲೋ ಆತಲ್ಲ," ಎಂದೆ. "ಒಂದು ದಿನ ಅವನಿಗೇ ಸಿಗ್ತದ."

"ಇಲ್ಲ ಅಕ್ಕಾ," ಎಂದಳು. "ಸರ್ ಮೂಲ್ಯಾಗ ಬರದಾರಲ್ಲ, ಎಲ್ಲಿ ತನಕ ಬಂದೀನಿ ಅಂತ, ಅದು ಇಪ್ಪತ್ಮೂರು ಲಕ್ಷದ ಮ್ಯಾಲ ಅದ. ಇದು ಇಪ್ಪತ್ತು ಲಕ್ಷ ಎಪ್ಪತ್ತೊಂದು ಸಾವಿರ. ಸರ್ ಇದನ್ನ ದಾಟಿ ಹೋಗ್ಯಾರ."

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಅದನ್ನು ನೋಡುತ್ತ ನಿಂತೆವು.

ಎಲ್ಲೋ ಒಂದು ದಿನ ಕೈತಪ್ಪು ಆಗಿರಬೇಕು, ಜ್ವರ ಬಂದಿರಬೇಕು, ನಿದ್ದೆ ಇರಲಿಲ್ಲವೇನೋ ಎಂದುಕೊಂಡೆವು. ಒಂದು ಸಂಖ್ಯೆಯಲ್ಲಿ ಒಂದು ತಪ್ಪು ಯಾರಿಗಾದರೂ ಆದೀತು. ಅದನ್ನು ಮತ್ತೊಮ್ಮೆ ಮಾಡು ಎಂದರೆ ತಾನೇ ಕಂಡುಕೊಳ್ಳುತ್ತಾನೆ, ಸಂತೋಷಪಡುತ್ತಾನೆ ಎಂದು ನಮಗಿಬ್ಬರಿಗೂ ಅನ್ನಿಸಿತು. ಮುಂದಿನ ರವಿವಾರ ನಾನೇ ಮಾತು ತೆಗೆದೆ. ತಬಸ್ಸುಮ್ 2071723 ಅನ್ನು ಇನ್ನೊಮ್ಮೆ ನೋಡಲು ಹೇಳಿದ್ದಾಳೆ, ಹದಿನೇಳು ಒಂದು ಅದರಿಂದ ಒಡೆಯುತ್ತವೆ ಎಂದು ಅವಳ ಯಂತ್ರ ಹೇಳುತ್ತಿದೆ ಎಂದೆ. ಅವನು ಸಿಟ್ಟಾಗುತ್ತಾನೆಂದು ಹೆದರಿದ್ದೆ. ಆಗಲಿಲ್ಲ.

"ಅದು ಆಗ್ಯದಲ್ಲ," ಎಂದ. "ಇರ್ಲಿ, ಮತ್ತೊಮ್ಮಿ ಮಾಡ್ತೀನಿ."

ನಾನು ಎದುರಿಗೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ಅವನು ಒಂದೊಂದೇ ಸಾಲು ಇಳಿಸುತ್ತ ಬಂದ. ಕೊನೆಯ ಒಂದನ್ನು ಕೆಳಗಿಳಿಸಿ, ಗುಣಿಸಿ, ಕಳೆದ. ಉಳಿಯಿತು. ಹದಿನೇಳು ಲಕ್ಷ ಐದು ಸಾವಿರದ ಎಂಟುನೂರ ಐವತ್ಮೂರು.

ಅವನು ಚಾಕ್‌ಪೀಸು ಕೆಳಗಿಟ್ಟು ಬೆನ್ನು ಗೋಡೆಗೆ ಒರಗಿಸಿದ. ಮುಖದಲ್ಲಿ ಎಂದೂ ಕಾಣದ ನೆಮ್ಮದಿ. "ಆ ಹುಡುಗಿಗಿ ಹೇಳು, ಮಷೀನಿನ ಮ್ಯಾಲ ಅಷ್ಟು ಭರೋಸಾ ಇಡಬ್ಯಾಡ ಅಂತ," ಎಂದು ಊಟ ಮಾಡಿ ಮಲಗಿದ.

ನಾನು ಅಡುಗೆಮನೆಗೆ ಹೋಗಿ ನೆಲದ ಮೇಲೆ ಹದಿನೇಳು ಒಂದು ಬರೆದೆ. ಬದುಕಿನಲ್ಲಿ ಯಾರೂ ಹೇಳದೆ ನಾನಾಗಿ ಮಾಡಿದ ಮೊದಲ ಭಾಗಾಕಾರ ಅದು. ಬೆರಳು ಮಡಚಿ ಎಣಿಸಿದೆ. ತಪ್ಪಿತೇನೋ ಎಂದು ಅಳಿಸಿ ಮತ್ತೆ ಮಾಡಿದೆ. ಕೊನೆಯ ಸಾಲಿನಲ್ಲಿ ಮೇಲಿನದೂ ಕೆಳಗಿನದೂ ಒಂದೇ ಆಗಿ ಏನೂ ಉಳಿಯಲಿಲ್ಲ.

ಆಮೇಲೆ ನಾನು ಮಾಡಿದ್ದು ನನ್ನ ಕಚೇರಿಯ ಕೆಲಸ. ಅವನದನ್ನೂ ನನ್ನದನ್ನೂ ಸಾಲು ಸಾಲಾಗಿ ಹೋಲಿಸಿದೆ. ಮೊದಲ ಸಾಲು ಸರಿ. ಎರಡನೆಯದು ಸರಿ. ಮೂರನೆಯದರಲ್ಲಿ, ಆರರಿಂದ ಗುಣಿಸಿದಲ್ಲಿ, ನನ್ನದು 12430338, ಅವನದು 12490938. ನನ್ನಲ್ಲಿ ಮೂರು ಇದ್ದ ಎರಡು ಕಡೆ ಅವನಲ್ಲಿ ಒಂಬತ್ತು. ಎರಡೂ ಕಡೆ ಭಾಗಿಸುವ ಸಂಖ್ಯೆಯಲ್ಲಿ ಏಳು ಇತ್ತು. ಕೆಳಗೆ ಹೋಗಿ ನೋಡಿದೆ. ಅವನದರ ಕೊನೆಯಲ್ಲಿ ಮತ್ತೆ ಆರು ಬಂದ ಕಡೆ ಮತ್ತೆ ಅದೇ. ಇದು ಕೈತಪ್ಪಲ್ಲ. ಕೈತಪ್ಪು ಒಂದೇ ಕಡೆ ಆಗುತ್ತದೆ.

ಅವನು ಎದ್ದ ಮೇಲೆ ಚಹಾ ಕೊಡುತ್ತ, ಏನೂ ಅಲ್ಲವೆಂಬಂತೆ ಕೇಳಿದೆ. "ಅಣ್ಣಾ, ಆರೇಳ್ಲೆ ಎಷ್ಟು?"

"ನಲ್ವತ್ತೆಂಟು," ಎಂದ, ಲೋಟದಿಂದ ಬಾಯಿ ತೆಗೆಯದೆ. "ಯಾಕ, ಆಫೀಸಿನಾಗ ಲೆಕ್ಕ ಬಂದದೇನು?"

"ಆರೆಂಟ್ಲೆ?"

"ನಲ್ವತ್ತೆಂಟು."

ಎರಡನ್ನೂ ಅವನು ಒಂದೇ ನಂಬಿಕೆಯಿಂದ ಹೇಳಿದ. ಅವನ ತಲೆಯ ನೆಲದಲ್ಲಿ ಒಂದು ಕಲ್ಲು ಕಿತ್ತುಹೋಗಿತ್ತು, ಅವನಿಗೆ ಅದು ಗೊತ್ತಿರಲಿಲ್ಲ. ಆರು ಮತ್ತು ಏಳು ಕೂಡಿದ ಕಡೆಯೆಲ್ಲ, ಇಷ್ಟು ವರ್ಷವೂ, ಅವನು ಅಲ್ಲಿ ಕಾಲಿಟ್ಟು ಮುಂದೆ ಹೋಗಿದ್ದ. ನಾನು ದಿನಾ ಸಂಜೆ ಒರೆಸಿದ್ದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ.

ಹೇಳದೆ ಇದ್ದುಬಿಡೋಣ ಎಂದುಕೊಂಡೆ. ಅವನು ಮುಂದೆ ಹೋಗುತ್ತಲೇ ಇರಲಿ, ಆ ಸಂಖ್ಯೆಗಳಿಗೇನು ಕೊನೆಯೇ. ಆದರೆ ಅಣ್ಣ ಲೋಟ ಕೆಳಗಿಟ್ಟು ಹೇಳಿದ, "ತಬಸ್ಸುಮಗ ಫೋನ್ ಹಚ್ಚು. ವಾರಕ್ಕ ಒಂದು ತಾಸು ಅವಳ ಹುಡುಗರಿಗಿ ಪಾಠ ಮಾಡ್ತೀನಿ. ಇವತ್ತು ಮಷೀನಿನ ಮುಂದ ನಂದೇ ಖರೆ ಆತು. ಇನ್ನ ನನಗ ಅಂಜಿಕಿ ಇಲ್ಲ."

ಪರೀಕ್ಷೆ ಪಾಸಾಯಿತೆಂದು ಅವನು ತಿಳಿದಿದ್ದ.

ನಾನು ಫೋನು ಮಾಡಿದೆ. ನಡೆದದ್ದನ್ನು ತಬಸ್ಸುಮಳಿಗೆ ಹೇಳಲು ಬಾಯಿ ಬರಲಿಲ್ಲ, ಅಣ್ಣ ಎದುರಿಗೇ ಕುಳಿತಿದ್ದ. ಅವಳು ಪ್ರಿನ್ಸಿಪಾಲರನ್ನು ಕೇಳಿ ಒಪ್ಪಿಸಿದಳು. ಮುಂದಿನ ಸೋಮವಾರ ಎಂದಾಯಿತು. ಅಣ್ಣ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿದ. ಕಟಿಂಗ್ ಮಾಡಿಸಿಕೊಂಡ. ಎಡಗೈಯಿಂದ ಬೋರ್ಡಿನ ಮೇಲೆ ಬರೆಯಲು ರೂಢಿಯಾಗಲಿ ಎಂದು ಗೋಡೆಯ ಮೇಲೆ ಬರೆದು ನೋಡಿದ. ಆ ವಾರ ನಮ್ಮ ಮನೆಯಲ್ಲಿ ಹಬ್ಬದ ಮೊದಲಿನ ಗಡಿಬಿಡಿ ಇತ್ತು. ನಾನು ಕಚೇರಿಯಲ್ಲಿ ಒಂದೇ ಸಾಲನ್ನು ಎರಡು ಸಲ ಹೋಲಿಸುತ್ತ, ತುಂಬಿದ ತರಗತಿಯಲ್ಲಿ ಅವನು ಆರೇಳಲೆ ನಲವತ್ತೆಂಟು ಎಂದು ಬರೆಯುವುದನ್ನು, ಹಿಂದಿನ ಬೆಂಚಿನಿಂದ ಮೊದಲ ನಗು ಏಳುವುದನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಅಲ್ಲಿ ಕೇಳುವುದಕ್ಕಿಂತ ಮನೆಯಲ್ಲಿ ಕೇಳಲಿ ಎಂದು ರವಿವಾರ ಮುಂಜಾನೆ ಗಟ್ಟಿ ಮಾಡಿಕೊಂಡೆ. ಅಡುಗೆಮನೆಯ ನೆಲದ ಮೇಲೆ ಮತ್ತೆ ಆ ಭಾಗಾಕಾರ ಮಾಡಿ ಅವನನ್ನು ಕರೆದೆ.

"ನಾನೂ ಮಾಡೀನಿ ಅಣ್ಣಾ. ತಪ್ಪು ಎಲ್ಲಿ ಅದ ನೋಡು."

"ನೀನಾ?" ಎಂದು ನಗುತ್ತ ಕೋಲೂರಿ ಬಂದ. ಸ್ಟೂಲಿನ ಮೇಲೆ ಕುಳಿತು ಕೋಲಿನ ತುದಿಯಿಂದ ಸಾಲು ಸಾಲಾಗಿ ತೋರಿಸುತ್ತ, ಹಳೆಯ ದಿನಗಳಲ್ಲಿ ನನ್ನ ಲೆಕ್ಕ ತಿದ್ದುತ್ತಿದ್ದ ಹಾಗೆಯೇ ತಿದ್ದತೊಡಗಿದ. "ಐದ್ಲೆ, ಬರೋಬರಿ. ಮೂರ್ಲೆ, ಬರೋಬರಿ." ಕೋಲು ಮೂರನೆಯ ಸಾಲಿನಲ್ಲಿ ನಿಂತಿತು. "ಇಲ್ಲಿ ಎಡವೀದಿ ನೋಡು. ಆರೇಳ್ಲೆ ನಲ್ವತ್ತೆಂಟು, ಕೈಯಾಗಿಂದು ಒಂದು ಕೂಡಿಸಿದ್ರ ನಲ್ವತ್ತೊಂಬತ್ತು. ಒಂಬತ್ತು ಬರೀಬೇಕು. ನೀ ಮೂರು ಬರದೀದಿ."

"ಏಳಾರ್ಲೆ ಎಷ್ಟು?" ಎಂದೆ.

"ನಲ್ವತ್ತೆರಡು."

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಕೋಲು ಹಾಗೇ ಇತ್ತು.

"ಮತ್ತೊಮ್ಮಿ ಕೇಳು," ಎಂದ.

"ಆರೇಳ್ಲೆ?"

"ನಲ್ವತ್ತೆಂಟು." ಕಣ್ಣು ಮುಚ್ಚಿದ. "ಇನ್ನೊಮ್ಮಿ."

"ಆರೇಳ್ಲೆ?"

ಈ ಸಲ ತುಟಿ ಮಾತ್ರ ನಲವತ್ತೆಂಟರ ಆಕಾರಕ್ಕೆ ಬಂದು ನಿಂತಿತು.

"ಯಾವಾಗಿನಿಂದ?" ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಆಮೇಲೆ, "ಎಲ್ಲಾ ಹೋತಲ್ಲ," ಎಂದ, ನನಗಲ್ಲ, ತನಗೆ.

"ಮತ್ತ ಮೊದಲಿಂದ ಮಾಡಿದ್ರಾತು ಅಣ್ಣಾ. ನಾ ಜೋಡಿ ಕುಂದ್ರತೀನಿ."

"ಯಾವ ತಲಿಲಿಂದ?" ಎಂದ.

ತನಗೆ ಜ್ವರ ಬಂದಿದೆ ಎಂದು ತಬಸ್ಸುಮಳಿಗೆ ತಿಳಿಸಲು ಹೇಳಿದ. ಹೇಳಿದೆ. ಅವಳು ನಂಬಲಿಲ್ಲ, ಕೇಳಲೂ ಇಲ್ಲ. ಇಸ್ತ್ರಿ ಮಾಡಿದ ಅಂಗಿ ಮೊಳೆಗೆ ನೇತಾಡುತ್ತಿದ್ದುದನ್ನು ನಾನೇ ಒಂದು ದಿನ ಮಡಚಿ ಒಳಗಿಟ್ಟೆ.

ನಾವು ಸುಮ್ಮನೆ ಕೂರಲಿಲ್ಲ. ದಿನಾ ಮುಂಜಾನೆ ನಾನು ಕೇಳುವುದು, ಅವನು ಹೇಳುವುದು. ಒಂದು ದಿನ ಕಷ್ಟಪಟ್ಟು ನಲವತ್ತೆರಡು ಎನ್ನುತ್ತಿದ್ದ, ಸಂಜೆಯವರೆಗೂ ಅದನ್ನೇ ಜಪಿಸುತ್ತಿದ್ದ. ಮರುದಿನ ಮತ್ತೆ ನಲವತ್ತೆಂಟು. ಹುಣಸೆ ಬೀಜಗಳನ್ನು ಏಳೇಳರಂತೆ ಆರು ಸಾಲು ಇಟ್ಟು ಎಣಿಸಿದ, ನಲವತ್ತೆರಡು ಬಂತು, ಒಪ್ಪಿಕೊಂಡ. ಬೀಜ ಎತ್ತಿಟ್ಟ ಮೇಲೆ ಕೇಳಿದರೆ ನಲವತ್ತೆಂಟು. ಅದೊಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಇಪ್ಪತ್ತರವರೆಗಿನ ಮಗ್ಗಿಗಳನ್ನೆಲ್ಲ ನಾನು ಪುಸ್ತಕ ಹಿಡಿದು ಒಪ್ಪಿಸಿಕೊಂಡೆ. ಬೇರೆ ಎಲ್ಲೂ ತಪ್ಪಿರಲಿಲ್ಲ. ಆದರೆ ಅವನ ನಂಬಿಕೆ ಹೋಗಿತ್ತು. ಹೋದದ್ದು ತನಗೆ ತಿಳಿಯುವುದೇ ಇಲ್ಲ ಎಂದ ಮೇಲೆ ಇನ್ನೂ ಎಷ್ಟು ಹೋಗಿದೆಯೋ ಎಂಬುದು ಅವನ ಭಯ. ಮಾತಾಡುತ್ತ ನಡುವೆ ನಿಲ್ಲುತ್ತಿದ್ದ. ಅವ್ವನ ತವರು ಕಾಳಗಿಯೋ ಚಿಮ್ಮನಚೋಡವೋ ಎಂದು ಕೇಳುತ್ತಿದ್ದ. ಅಪ್ಪ ಸುತ್ತಿಗೆ ಹಿಡಿಯುತ್ತಿದ್ದದ್ದು ಎಡಗೈಯಲ್ಲೋ ಬಲಗೈಯಲ್ಲೋ ಎನ್ನುತ್ತಿದ್ದ. ಸರಿಯಾಗಿಯೇ ನೆನಪಿರುತ್ತಿತ್ತು. ಆದರೂ ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದ. ಆಮೇಲೆ ಕೇಳುವುದೂ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಮನೆಗೆ ಬಂದವರಿಗೆ ಈಗ ಅವನು ಏನನ್ನೂ ತೋರಿಸುವುದಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ.

ಆದರೂ ಮುಂಜಾನೆಯ ಆ ಒಂದು ಪ್ರಶ್ನೆಯನ್ನು ನಾನು ಬಿಟ್ಟಿರಲಿಲ್ಲ. ಒಂದು ದಿನ ಉತ್ತರ ಬಂದು ನಿಂತೀತು ಎಂಬ ಆಸೆಯೋ, ಇಬ್ಬರ ನಡುವೆ ಉಳಿದದ್ದು ಅದೊಂದೇ ಮಾತು ಎಂಬ ಕಾರಣಕ್ಕೋ. ಇವತ್ತು ಬೆಳಿಗ್ಗೆಯೂ ಗಾಡಿಗೆ ಹೊರಡುವ ಮೊದಲು ನೀರಿನ ಲೋಟ, ಗುಳಿಗೆ ಹಿಡಿದು ಅವನ ಮುಂದೆ ನಿಂತು ಕೇಳಿದೆ.

"ಆರೇಳ್ಲೆ?"

ಅವನು ತಲೆಯೆತ್ತಿ ನನ್ನನ್ನು ನೋಡಿದ. ಯೋಚಿಸಲಿಲ್ಲ.

"ನಿನಗ ಗೊತ್ತದಲ್ಲ," ಎಂದ. "ನೀನೇ ಹೇಳು."

"ನಲ್ವತ್ತೆರಡು ಅಣ್ಣಾ."

"ಹಾಂ. ಅದೇ ಇರ್ಲಿ."

ಎಡಗೈ ಚಾಚಿದ. ಗುಳಿಗೆ ಇಟ್ಟೆ. ಯಾವುದು, ಎಷ್ಟು ಎಂದು ನೋಡದೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ವಾಡಿಯಲ್ಲಿ ಇಳಿಯುವ ಹೊತ್ತಿಗೆ, ನಾಳೆಯಿಂದ ಅವನನ್ನು ಏನೂ ಕೇಳಬಾರದು ಎಂದುಕೊಂಡೆ.